ಮಾನಿಟರ್‌ಗಳನ್ನು ಬಿಟ್ಟೆ, ಹಿಂದಿನ ಬೆಂಚಿನವರನ್ನು ಹಿಡಿದೆ: ಶಾಲೆಯಲ್ಲಿ ಸಿಗರೇಟ್ ಕಡಿಮೆಯಾದದ್ದು ಹೀಗೆ

ಸೇದುವ ಹುಡುಗನ ಬಾಯಲ್ಲೇ ಸಿಗರೇಟ್ ಬೇಡ ಅಂತ ಹೇಳಿಸ್ತೀರಾ? ಸಹೋದ್ಯೋಗಿಗಳು ಹೀಗೆ ಕೇಳಿದ್ದರು. ಈಗ ಅವರೇ ಬಂದು ಹೇಗೆ ಮಾಡಿದ್ರಿ ಅಂತ ವಿಚಾರಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕಪ್ಪಾದ ಶ್ವಾಸಕೋಶದ ಪೋಸ್ಟರ್, ಡಾಕ್ಟರ ಭಾಷಣ, ಪ್ರತಿಜ್ಞೆ. ವರ್ಷಕ್ಕೆ ಸಿಕ್ಕ ದುಡ್ಡಿನಲ್ಲಿ ಮುಕ್ಕಾಲು ಪಾಲು ಇದಕ್ಕೇ ಹೋಯಿತು. ಪೋಸ್ಟರ್ ಮುಂದೆ ನಿಂತು ಹುಡುಗರು ನಕ್ಕರು, ಅಷ್ಟೇ. 14 ವರ್ಷದವನಿಗೆ ಮುಂದೆ ಎಂದೋ ಬರುವ ಕ್ಯಾನ್ಸರ್ ಲೆಕ್ಕಕ್ಕಿಲ್ಲ, ಇವತ್ತು ಸಂಜೆ ಗೆಳೆಯರು 'ಹೆದರ್ತೀಯಾ?' ಅಂದರೆ ಏನು ಹೇಳೋದು ಅನ್ನೋದೇ ಅವನ ಚಿಂತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಚಿನ್ಸನ್ ಯೋಜನೆಯಲ್ಲಿ 3ನೇ ತರಗತಿಯಿಂದ 10ರವರೆಗೆ ಸಿಗರೇಟ್ ಬೇಡ ಅಂತ ಶಿಕ್ಷಕರಿಂದ ಪಾಠ ಮಾಡಿಸಿದ್ದರು. 2000ದಲ್ಲಿ ಬಂದ ಫಲಿತಾಂಶ ನೋಡಿದರೆ, ಸೇದುವುದರಲ್ಲಿ ಪಾಠ ಕೇಳಿದವರೂ ಕೇಳದವರೂ ಹೆಚ್ಚುಕಮ್ಮಿ ಒಂದೇ.

ನಾನು ಹಿಡಿದದ್ದು ಬ್ರಿಟನ್ನಿನ 'ಅಸಿಸ್ಟ್' ದಾರಿ. 59 ಶಾಲೆಗಳಲ್ಲಿ 12-13 ವಯಸ್ಸಿನವರ ಜೊತೆ ಮಾಡಿ ನೋಡಿ, 2008ರಲ್ಲಿ 'ಲ್ಯಾನ್ಸೆಟ್' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಯಾರ ಮಾತು ಕೇಳ್ತೀರಿ ಅಂತ ಮಕ್ಕಳೇ ಹೆಸರು ಬರೆಯಬೇಕು. ಹೆಚ್ಚು ಹೆಸರು ಬಂದವರಿಗೆ ಶಾಲೆಯ ಹೊರಗೆ ಎರಡು ದಿನ ತರಬೇತಿ, ಆಮೇಲೆ 10 ವಾರ ಗೆಳೆಯರ ಜೊತೆ ಸಿಗರೇಟ್ ಬಗ್ಗೆ ಸುಮ್ನೆ ಮಾತು. ಭಾಷಣ ಇಲ್ಲ, ಬ್ಯಾಡ್ಜ್ ಇಲ್ಲ.

ನಮ್ಮಲ್ಲಿ ಚೀಟಿ ಬಿಚ್ಚಿದಾಗ ಮಾನಿಟರ್‌ಗಳ ಹೆಸರು ಒಂದೆರಡು ಕಡೆ ಮಾತ್ರ ಇತ್ತು. ಬಂದ ಹೆಸರುಗಳಲ್ಲಿ ಮೂರ್ನಾಲ್ಕು ಜನ ಸೇದುವವರೇ. ಬಿಡಲು ಪ್ರಯತ್ನಿಸ್ತೀವಿ ಅಂದವರನ್ನು ಸೇರಿಸಿಕೊಂಡೆ, ಯಾರ ಹೆಸರೂ ಹೆಡ್‌ಮಾಸ್ಟರ್ ತನಕ ಹೋಗುವುದಿಲ್ಲ ಅಂತ ಮಾತು ಕೊಟ್ಟೆ. ಆ ಮಾತು ಇಲ್ಲದಿದ್ದರೆ ಯಾರೂ ಬಾಯಿ ಬಿಡ್ತಿರಲಿಲ್ಲ.

ತರಬೇತಿಯಲ್ಲಿ ಕೆಲಸಕ್ಕೆ ಬಂದದ್ದು ಒಬ್ಬ ಹುಡುಗ ತಾನೇ ಹೇಳಿಕೊಟ್ಟ ಮಾತು: 'ಬೇಡ ಮಗಾ, ನಾಳೆ ಮ್ಯಾಚ್ ಇದೆ.' ಕಾರಣ ಚಿಕ್ಕದಿರಬೇಕು, ಹೇಳಿದ ತಕ್ಷಣ ಮಾತು ಬದಲಿಸಬೇಕು. ಸುಮ್ಮನೆ ನಿಂತವನ ಕೈಗೇ ಸಿಗರೇಟ್ ತುರುಕುತ್ತಾರೆ, ಉಪದೇಶ ಮಾಡಿದವನನ್ನು ಗುಂಪಿನಿಂದ ಹೊರಗೆ ಹಾಕುತ್ತಾರೆ. ಇದನ್ನು ನಾವ್ಯಾರೂ ಹೇಳಿಕೊಡಲು ಆಗುತ್ತಿರಲಿಲ್ಲ ಅಲ್ವಾ?

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹೆಸರಿಲ್ಲದ ಚೀಟಿಯಲ್ಲಿ ಎರಡು ಪ್ರಶ್ನೆ: ಈ ತಿಂಗಳು ನೀನು ಸೇದಿದ್ದೀಯಾ, ನಿನ್ನ ತರಗತಿಯಲ್ಲಿ ಎಷ್ಟು ಜನ ಸೇದ್ತಾರೆ ಅನ್ಸುತ್ತೆ? ಅರ್ಧ ತರಗತಿ ಸೇದುತ್ತೆ ಅಂತ ಹೆಚ್ಚಿನವರ ಅಂದಾಜು. ಹೌದು ಅಂದವರು ನೆನಪಿದ್ದಂತೆ 100ಕ್ಕೆ 10-12. ಆ ಎರಡು ಸಂಖ್ಯೆ ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲಿ ಗುಸುಗುಸು ಶುರುವಾಯಿತು. ಪೋಷಕರ ಸಭೆಯನ್ನೂ ಮಾಡಿ ನೋಡಿದೆ, ಅದರಿಂದ ಏನೂ ಗಿಟ್ಟಲಿಲ್ಲ.

ವರ್ಷದ ಕೊನೆಗೆ ಅದೇ ಚೀಟಿಯಲ್ಲಿ ಹೌದು ಅಂದವರು 100ಕ್ಕೆ 6-7. ಖರ್ಚು ಪೋಸ್ಟರ್ ಕಾಲದ ಕಾಲು ಭಾಗವೂ ಇಲ್ಲ, ಅದರಲ್ಲಿ ಹೆಚ್ಚಿನದು ಮಕ್ಕಳ ಊಟಕ್ಕೆ, ಬಸ್ಸಿಗೆ. ಆದರೆ ರಜೆ ಮುಗಿಸಿ ಬಂದಾಗ ಗುಂಪುಗಳು ಬದಲಾಗಿರುತ್ತವೆ, ಹಳೇ ಪಟ್ಟಿ ನಡೆಯೋದಿಲ್ಲ. ಪ್ರತಿ ವರ್ಷವೂ ಹೊಸದಾಗಿ ಚೀಟಿ ಬರೆಸಲೇಬೇಕು.