ಮನೆಯವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ? ಚುನಾವಣೆ ಘೋಷಣೆಗೆ ಮುನ್ನವೇ ಸರಿಪಡಿಸಿಕೊಳ್ಳುವುದು ಹೇಗೆ

ಮತದಾನದ ದಿನ ಮತಗಟ್ಟೆಯ ಬಾಗಿಲಲ್ಲಿ ನಿಂತು ‘ಕಾರ್ಡು ಇದೆಯಲ್ಲ, ಹೆಸರು ಏಕಿಲ್ಲ?’ ಎಂದು ಕೇಳುವವರು ಮೈಸೂರಿನಲ್ಲೂ ಮಂಡ್ಯದಲ್ಲೂ ಪ್ರತಿ ಚುನಾವಣೆಯಲ್ಲಿ ಸಿಗುತ್ತಾರೆ. ಗುರುತಿನ ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಮತ ಹಾಕಲು ಬರುವುದಿಲ್ಲ, ಪಟ್ಟಿಯಲ್ಲಿ ಹೆಸರಿರಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಆ ಚುನಾವಣೆಯ ಮಟ್ಟಿಗೆ ಹೊಸ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಹೀಗಾಗಿ ‘ತಪ್ಪದೆ ಮತ ಹಾಕಿ’ ಎಂದು ನೆಂಟರಿಗೆ ಮತದಾನದ ಮುನ್ನಾದಿನ ಸಂದೇಶ ಕಳುಹಿಸುವುದಕ್ಕಿಂತ, ಚುನಾವಣೆಯ ಸದ್ದೇ ಇಲ್ಲದ ತಿಂಗಳಲ್ಲಿ ಅವರ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸುವುದು ಹೆಚ್ಚು ಉಪಯುಕ್ತ.

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ಮತದಾನ ಶೇ 80 ದಾಟಿದ್ದರೆ, ಮೈಸೂರು–ಕೊಡಗು ಕ್ಷೇತ್ರದಲ್ಲಿ ಅದು ಶೇ 70ರ ಆಸುಪಾಸಿನಲ್ಲಿತ್ತು. ನಗರದವರ ನಿರುತ್ಸಾಹವನ್ನು ದೂರುವುದು ಸುಲಭ. ಆದರೆ ಬಾಡಿಗೆ ಮನೆ ಬದಲಿಸುತ್ತಲೇ ಇರುವವರ ಹೆಸರು ಹಳೆಯ ವಿಳಾಸದಲ್ಲೇ ಉಳಿದುಬಿಡುವುದೂ ಇದಕ್ಕೆ ಒಂದು ಕಾರಣವೆಂದು ನನಗನ್ನಿಸುತ್ತದೆ.

ಮೊದಲು ಮಾಡಬೇಕಾದದ್ದು ಹುಡುಕಾಟ. ಚುನಾವಣಾ ಆಯೋಗದ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಗುರುತಿನ ಚೀಟಿಯ ಮೇಲಿರುವ ಎಪಿಕ್ ಸಂಖ್ಯೆಯನ್ನು ನಮೂದಿಸಿದರೆ ಕ್ಷೇತ್ರ, ಭಾಗ ಸಂಖ್ಯೆ, ಕ್ರಮಸಂಖ್ಯೆ ಮತ್ತು ಮತಗಟ್ಟೆಯ ವಿವರಗಳು ಸಿಗುತ್ತವೆ. ಹೆಸರಿನಿಂದ ಹುಡುಕುವಾಗ ತಾಳ್ಮೆ ಬೇಕು. ಪಟ್ಟಿಯಲ್ಲಿ ‘ಲಕ್ಷ್ಮಮ್ಮ’ ಎಂಬುದು ‘ಲಕ್ಷಮ್ಮ’ ಎಂದಾಗಿರಬಹುದು, ಇನಿಷಿಯಲ್ ಹೆಸರಿನ ಹಿಂದಿನಿಂದ ಮುಂದಕ್ಕೆ ಹೋಗಿರಬಹುದು, ಗಂಡನ ಹೆಸರಿರಬೇಕಾದಲ್ಲಿ ತಂದೆಯ ಹೆಸರೇ ಇರಬಹುದು. ಸ್ಮಾರ್ಟ್‌ಫೋನ್ ಬಳಸದ ಹಿರಿಯರು 1950 ಸಹಾಯವಾಣಿಗೆ ಕರೆ ಮಾಡಬಹುದು, ಇಲ್ಲವೇ ತಮ್ಮ ಭಾಗದ ಮತಗಟ್ಟೆ ಮಟ್ಟದ ಅಧಿಕಾರಿಯನ್ನು, ಅಂದರೆ ಎಲ್ಲರೂ ಬಿಎಲ್‌ಒ ಎಂದು ಕರೆಯುವವರನ್ನು, ಕೇಳಬಹುದು. ಬಹಳ ಕಡೆ ಊರಿನ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಶಿಕ್ಷಕರೇ ಆ ಹೊಣೆ ಹೊತ್ತಿರುತ್ತಾರೆ.

ಅನಂತರ ಸರಿಯಾದ ನಮೂನೆಯನ್ನು ಆರಿಸಿಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ನಮೂನೆ 6 ಮೊದಲ ಬಾರಿಗೆ ಹೆಸರು ಸೇರಿಸುವವರಿಗೆ ಮಾತ್ರ. ಮದ್ದೂರಿನಿಂದ ಮದುವೆಯಾಗಿ ಮೈಸೂರಿಗೆ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲಿದ್ದರೆ ಆಕೆ ತುಂಬಬೇಕಾದದ್ದು ನಮೂನೆ 8. ವಿಳಾಸ ಬದಲಾವಣೆ, ತಿದ್ದುಪಡಿ, ಕಳೆದುಹೋದ ಚೀಟಿಗೆ ಬದಲಿ, ಅಂಗವೈಕಲ್ಯದ ನಮೂದು ಎಲ್ಲಕ್ಕೂ ಅದೊಂದೇ ಅರ್ಜಿ. ಬೇಗ ಆಗಲಿ ಎಂದು ಹೊಸದಾಗಿ ನಮೂನೆ 6 ಸಲ್ಲಿಸಿದರೆ ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂದು ಸುಳ್ಳು ಘೋಷಿಸಿದಂತಾಗುತ್ತದೆ. ಅದಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7 ಇದೆ.

ಬೆಂಗಳೂರಿನಲ್ಲಿ ದುಡಿಯುವ ಮಂಡ್ಯದವರ ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದದ್ದು. ‘ಓಟು ಊರಲ್ಲೇ ಇರಲಿ’ ಎಂಬ ಮಾತಿನಲ್ಲಿ ಜಮೀನು, ಜಾತ್ರೆ, ಮನೆತನ ಎಲ್ಲವೂ ಸೇರಿರುತ್ತವೆ. ಆದರೆ ಕಾನೂನು ನೋಡುವುದು ವ್ಯಕ್ತಿ ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೆ ಎಂಬುದನ್ನು. ಊರಿನಲ್ಲಿ ಸ್ವಂತ ಮನೆಯಿದೆ ಎಂಬುದೊಂದೇ ಸಾಲದು, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ಮನೆಯ ವಿಳಾಸ ಅಥವಾ ಹಾಸ್ಟೆಲಿನ ವಿಳಾಸ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಅವರಿಂದಲೇ ಆರಂಭಿಸಿ. ಮೊದಲು ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು, ಅಂದರೆ ಆ ದಿನಕ್ಕೆ 18 ತುಂಬಿರಬೇಕಿತ್ತು. 2022ರಿಂದ ಏಪ್ರಿಲ್ 1, ಜುಲೈ 1 ಹಾಗೂ ಅಕ್ಟೋಬರ್ 1 ಸಹ ಸೇರಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಆಗಸ್ಟಿನಲ್ಲಿ 18 ತುಂಬುವ ಹುಡುಗಿಯ ಅರ್ಜಿ ಅಕ್ಟೋಬರ್ 1ರ ಸುತ್ತಿನಲ್ಲಿ ಪರಿಗಣನೆಗೆ ಬರುತ್ತದೆ. ಭಾವಚಿತ್ರ, ವಯಸ್ಸಿಗೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಬ್ಯಾಂಕ್ ಪಾಸ್‌ಬುಕ್ ಅಥವಾ ವಿದ್ಯುತ್ ಬಿಲ್‌ನಂತಹ ದಾಖಲೆ ಸಾಕು. ಅರ್ಜಿ ಸಲ್ಲಿಸಿದ ಮೇಲೆ ಬರುವ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬಿಎಲ್‌ಒ ಪರಿಶೀಲನೆಗೆ ಬಂದಾಗ ಮನೆಯಲ್ಲಿ ಯಾರಾದರೂ ಇರುವಂತೆ ನೋಡಿಕೊಳ್ಳಿ.

ನಮ್ಮಲ್ಲಿ ಎಲ್ಲರಿಗೂ ಮುಂಚಿತ ಮತದಾನದ ವ್ಯವಸ್ಥೆಯಿಲ್ಲ. ಆದರೆ 85 ದಾಟಿದವರು ಹಾಗೂ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮತದಾನದ ದಿನಕ್ಕೆ ಮೊದಲೇ ಮನೆಯಲ್ಲಿ ಅಂಚೆ ಮತ ಹಾಕಬಹುದು. ಇದಕ್ಕೆ ಚುನಾವಣೆಯ ಅಧಿಸೂಚನೆ ಹೊರಬಿದ್ದ 5 ದಿನಗಳೊಳಗೆ ನಮೂನೆ 12ಡಿ ಸಲ್ಲಿಸಬೇಕು. ಅಜ್ಜಿಗೆ ಮತಗಟ್ಟೆಗೆ ಹೋಗಿಯೇ ಮತ ಹಾಕುವ ಆಸೆಯಿದ್ದರೆ ಈ ಅರ್ಜಿ ಹಾಕಿಸಬೇಡಿ. ಒಮ್ಮೆ ಮನೆ ಮತದಾನ ಮಂಜೂರಾದರೆ ಮತಗಟ್ಟೆಯಲ್ಲಿ ಅವಕಾಶ ಸಿಗುವುದಿಲ್ಲ.

ಉಳಿದವರನ್ನು ಬೆಳಿಗ್ಗೆಯೇ ಹೊರಡಿಸಿ. 2024ರಲ್ಲಿ ಏಪ್ರಿಲ್ 26ರ ಬಿಸಿಲಿನಲ್ಲಿ ಮತ ಹಾಕಿದವರಿಗೆ ಕಾರಣ ಹೇಳಬೇಕಿಲ್ಲ. ಕೆಲಸಕ್ಕೆ ಹೋಗಬೇಕೆನ್ನುವ ಗೆಳೆಯರಿಗೆ, ಅಂದು ವೇತನಸಹಿತ ರಜೆ ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆಯೆಂದೂ ದಿನಗೂಲಿಯವರೂ ಅದಕ್ಕೆ ಅರ್ಹರೆಂದೂ ತಿಳಿಸಿ. ಯಾರಿಗೆ ಮತ ಹಾಕಬೇಕೆಂಬ ಚರ್ಚೆಯನ್ನು ಇದರ ಜೊತೆ ಬೆರೆಸದಿದ್ದರೆ ಒಳ್ಳೆಯದು. ಬೆರೆಸಿದರೆ ಮುಂದಿನ ಸಲ ಅವರು ಫೋನ್ ಎತ್ತುವುದಿಲ್ಲ. ಬೆರಳಿಗೆ ಹಚ್ಚುವ ಶಾಯಿ 1962ರಿಂದಲೂ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲೇ ತಯಾರಾಗುತ್ತಿದೆ ಎಂದರೆ ಮೊದಲ ಸಲದ ಮತದಾರರ ಕುತೂಹಲ ಕೊಂಚ ಹೆಚ್ಚೀತು.

ಬೇಗ ಹೋದರೂ ನಿಮ್ಮವರ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿದ್ದಾರೆಂದು ಗೊತ್ತಾದರೆ ಹಿಂತಿರುಗಬೇಕಾಗಿಲ್ಲ. ಗುರುತನ್ನು ಸಾಬೀತುಪಡಿಸಿ, ಮತಗಟ್ಟೆಯ ಅಧ್ಯಕ್ಷಾಧಿಕಾರಿಯಿಂದ ‘ಟೆಂಡರ್ಡ್ ಮತಪತ್ರ’ ಕೇಳಿ ಪಡೆದು ಕಾಗದದ ಮೇಲೆ ಮತ ಹಾಕಬಹುದು.