ಹಡಗಿನ ಹರಾಜಿನಲ್ಲಿ ಕೊಂಡ ಚಿತ್ರಗಳು, ಏಳು ವರ್ಷದ ಲೆಕ್ಕ

ಮೂರೂವರೆ ಲಕ್ಷ ನೀರಿಗೆ ಹಾಕಿ ಬಂದ ಅಂತ ದಾವಣಗೆರೆಯ ಮಂಡಿಪೇಟೆಯಿಂದ ಪಿ.ಜೆ. ಬಡಾವಣೆವರೆಗೆ ಎಲ್ಲರೂ ಆಡಿಕೊಂಡಿದ್ದರು. ನನ್ನ ಭಾಮೈದನಂತೂ ಮನೆಗೆ ಬಂದಾಗಲೆಲ್ಲ "ಭಾವ, ಹಡಗು ತೇಲ್ತಾ, ಮುಳುಗ್ತಾ?" ಅಂತಲೇ ಚಪ್ಪಲಿ ಬಿಡುತ್ತಿದ್ದ. ಈಗ ದುಡ್ಡು ಹೆಚ್ಚುಕಮ್ಮಿ ವಾಪಸ್ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ. ಫ್ರೇಮ್ ಕೆಲಸದವರು, ಹಳೇ ಪ್ರಿಂಟ್ ಕೊಂಡು ಮಾರುವವರು ಓದಿದರೆ ಉಪಯೋಗಕ್ಕೆ ಬರಬಹುದು. ಲಿಥೋ (ಕಲ್ಲಚ್ಚು), ಸೆರಿಗ್ರಾಫ್ (ಸ್ಕ್ರೀನ್ ಪ್ರಿಂಟ್) ಹೇಗೆ ಮಾಡುತ್ತಾರೆ ಅಂತ ಮೊದಲಿಂದ ಹೇಳುತ್ತ ಕೂರುವುದಿಲ್ಲ.

2018ರಲ್ಲಿ ನಮ್ಮ ಮದುವೆಗೆ 25 ವರ್ಷ ತುಂಬಿತು ಅಂತ ಮಗಳು ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿಸಿದಳು. ಎರಡನೇ ದಿನ ಹಡಗು ಎಲ್ಲೂ ನಿಲ್ಲುವುದಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಬರೀ ಸಮುದ್ರ. ಹರಾಜು ಇಡುವುದು ಅಂಥ ದಿನವೇ. ಎಲ್ಲಿಗೂ ಹೋಗಲಾಗದ ಜನ, ಬಾಗಿಲಲ್ಲೇ ಪುಕ್ಕಟೆ ಶಾಂಪೇನ್. ನಾನು ಕುಡಿಯುವವನಲ್ಲ. ಹಾಗಾಗಿ ಆ ನೆಪವೂ ನನಗಿಲ್ಲ.

ಹರಾಜು ನನಗೆ ಹೊಸದಲ್ಲ. ನಮ್ಮಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ರಾಶಿ ಮುಂದೆ ನಿಲ್ಲಬೇಕು, ಕೈ ಹಾಕಬೇಕು, ಒಂದು ಕಾಳು ಕಚ್ಚಿ ತೇವ ನೋಡಬೇಕು, ಆಮೇಲೆ ಬಾಯಿ ಬಿಡಬೇಕು ಅಂತ ಅವರು ಹೇಳಿಕೊಟ್ಟಿದ್ದರು. ಹಡಗಿನಲ್ಲಿ ಅದೆಲ್ಲ ಮರೆತೆ. ಹರಾಜುಗಾರ ಒಂದು ಚಿತ್ರ ನಿಲ್ಲಿಸಿದ. "ಇದರ ಅಂದಾಜು ಬೆಲೆ 2,900 ಡಾಲರ್, ನಿಮಗಾಗಿ 1,450" ಅಂದ. ನಾಲ್ಕೈದು ಕೈ ಮೇಲೆದ್ದವು. "ಇಂಥದ್ದೇ ಇನ್ನೂ ಇವೆ, ಕೈ ಎತ್ತಿದವರಿಗೆಲ್ಲ ಇದೇ ರೇಟು" ಅಂದ. ನಾನೂ ಎತ್ತಿದೆ. ಕೈ ಎತ್ತಿದವರಿಗೆಲ್ಲ ಸಿಗುವುದಾದರೆ ಅದು ಹರಾಜು ಹೇಗಾಯಿತು? ಈ ಪ್ರಶ್ನೆ ನನಗೆ ಹೊಳೆದದ್ದು ಮನೆಗೆ ಬಂದು ಮೂರು ವಾರದ ಮೇಲೆ, ಅದೂ ಬೆಣ್ಣೆದೋಸೆ ತಿನ್ನುವಾಗ.

ಒಟ್ಟು ಮೂರು ಕೊಂಡೆ. ಕ್ಯಾನ್ವಾಸ್ ಮೇಲಿನ ಒಂದು ದೊಡ್ಡ ಕಡಲತೀರದ ದೃಶ್ಯ 1,450ಕ್ಕೆ. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿಯದು, ಪೆನ್ಸಿಲ್ ಸಹಿ ಇರುವ ಒಂದು ಪ್ರಿಂಟು, 1,600ಕ್ಕೆ. ಒಂದು ಸಣ್ಣ ಸೆರಿಗ್ರಾಫ್ 350ಕ್ಕೆ. 3,400 ಡಾಲರಿಗೆ ಮುಗಿಯಿತು ಅಂದುಕೊಂಡರೆ ಶೇ. 15 ಖರೀದಿದಾರರ ಕಮಿಷನ್ ಬೇರೆ. ಪ್ಯಾಕಿಂಗ್, ಸಾಗಣೆ ಅಂತ ಮತ್ತೆ 340ರ ಸುಮಾರು. ಆಗ ಡಾಲರಿಗೆ 70 ರೂಪಾಯಿ ಹತ್ತಿರ. ಕಸ್ಟಮ್ಸ್, ಬೆಂಗಳೂರಿಂದ ತರಿಸಿದ್ದು ಎಲ್ಲ ಸೇರಿ 3 ಲಕ್ಷ 45 ಸಾವಿರ. ನಮ್ಮ ಕಡೆ ಜಾತ್ರೆಯಲ್ಲಿ ದೇವರ ತೆಂಗಿನಕಾಯಿಗೆ ಹತ್ತು ಸಾವಿರ ಸವಾಲು ಕೂಗುವವರಿದ್ದಾರೆ. ಅಲ್ಲಿ ಪುಣ್ಯವಾದರೂ ಸಿಗುತ್ತದೆ.

ಪೆಟ್ಟಿಗೆ ಬರಲು ಎರಡು ತಿಂಗಳು ಹಿಡಿಯಿತು. ನನ್ನ ಫ್ರೇಮ್ ಅಂಗಡಿಯ ಕೆಲಸದ ಮೇಜಿನ ಮೇಲಿಟ್ಟು ಬಿಚ್ಚಿದೆ. ಹಡಗಿನಲ್ಲಿ ಹೆಂಡತಿ ನನ್ನನ್ನು ಆ ಕಡಲತೀರದ ಚಿತ್ರದ ಪಕ್ಕ ನಿಲ್ಲಿಸಿ ಫೋಟೊ ತೆಗೆದಿದ್ದಳು. ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕೆಳಗಿನ ಮೂಲೆಯಲ್ಲಿ 61/300 ಅಂತ ಇದೆ, ಅಂದರೆ 300 ಪ್ರತಿಯಲ್ಲಿ 61ನೆಯದು. ಮೇಜಿನ ಮೇಲಿರುವುದರಲ್ಲಿ 214/300. ನಾನು ನೋಡಿದ ರಾಶಿ ಬೇರೆ, ಮನೆಗೆ ಬಂದ ಚೀಲ ಬೇರೆ. ಅವರ ಪದ್ಧತಿಯೇ ಹಾಗಂತೆ. ಗೋಡೆ ಮೇಲಿರುವುದು ಸ್ಯಾಂಪಲ್, ಮಾಲು ಬರುವುದು ಗೋದಾಮಿನಿಂದ. ಸಹಿ ಹಾಕಿದ ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿ ಅದನ್ನೂ ಬರೆದಿದ್ದರು. ಇನ್ನು ಆ 300 ಅನ್ನುವ ಸಂಖ್ಯೆ. ಅದರ ಜೊತೆ ಕಲಾವಿದರ ಪ್ರತಿ ಅಂತ ಎಪಿ, ಮಾರಾಟಕ್ಕಲ್ಲದ್ದು ಅಂತ ಎಚ್‌ಸಿ, ರೋಮನ್ ಅಂಕಿಯದು ಇನ್ನೊಂದು ಕಟ್ಟು, ಕಾಗದದ ಮೇಲಿನದು ಮತ್ತೊಂದು ಕಟ್ಟು. ಲೆಕ್ಕ ಹಾಕುತ್ತ ಹೋದರೆ ಮಂಡಕ್ಕಿ ಭಟ್ಟಿಯ ಲೆಕ್ಕದ ಹಾಗೆ ಆಗುತ್ತದೆ.

ಕಡಲತೀರದ ಮೇಲೆ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಇಟ್ಟು ನೋಡಿದೆ. ಕ್ಯಾಲೆಂಡರ್ ಅಚ್ಚು ಹಾಕುವ ಆಫ್‌ಸೆಟ್ಟಿನ ಹಾಗೆ ರಂಗೋಲಿ ಚುಕ್ಕಿಯ ಸಾಲಿಲ್ಲ. ನುಣ್ಣಗೆ ಸಿಂಪಡಿಸಿದ ಚುಕ್ಕಿ. ಹಡಗಿನವರ ಕಾಗದದಲ್ಲಿ ಅದಕ್ಕೆ 'ಜಿಕ್ಲೇ' ಅಂತ ಹೆಸರು. 1991ರಲ್ಲಿ ಜ್ಯಾಕ್ ಡುಗಾನ್ ಅನ್ನುವ ಮುದ್ರಕ ಹುಟ್ಟಿಸಿದ ಪದ ಅದು. ಇಂಕ್‌ಜೆಟ್ ಅಂದರೆ ಯಾರೂ ಕೊಳ್ಳುವುದಿಲ್ಲ ಅಂತ ಸಿಂಪಡಿಸುವುದಕ್ಕೆ ಇರುವ ಫ್ರೆಂಚ್ ಮಾತು ಹುಡುಕಿದ. ಅಂಥ ಇಂಕ್‌ಜೆಟ್ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದೆ, 44 ಇಂಚಿನದು. ಇಎಂಐ ಇನ್ನೂ ಕಟ್ಟುತ್ತಿದ್ದೆ.

ನಗು ಬಂದದ್ದು ಕಸ್ಟಮ್ಸ್ ಚೀಟಿ ಓದಿದಾಗ. ಕಲಾವಿದ ಕೈಯಾರೆ ಮಾಡಿದ ಪ್ಲೇಟಿನಿಂದ ನೇರವಾಗಿ ತೆಗೆದ ಪ್ರಿಂಟಿಗೆ 9702 ಅಂತ ಕೋಡ್. ಯಂತ್ರದ್ದು, ಫೋಟೊ ವಿಧಾನದ್ದು ಅದರಲ್ಲಿ ಸೇರುವುದಿಲ್ಲ. ಅಂಥ ಮುದ್ರಿತ ಚಿತ್ರಕ್ಕೆ 4911. ನನ್ನ ಕಡಲತೀರಕ್ಕೆ ಹಾಕಿದ್ದು 4911. ಹಡಗಿನವರು ಕೊಟ್ಟ ಬಂಗಾರದ ಅಂಚಿನ ಅಪ್ರೈಸಲ್ (ಬೆಲೆ ಕಟ್ಟಿದ) ಸರ್ಟಿಫಿಕೇಟಿನಲ್ಲಿ 2,900 ಡಾಲರ್ ಅಂತಿದೆ. ಬರೆದವರು ಯಾರು? ಮಾರಿದವರೇ. ನನ್ನ ಫ್ರೇಮಿಗೆ ನಾನೇ ಐವತ್ತು ಸಾವಿರ ಅಂತ ಚೀಟಿ ಬರೆದು ಅಂಟಿಸಿದ ಹಾಗೆ.

ಡಾಲಿ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ಅದು ಇಟಲಿಯ ಕವಿ ದಾಂತೆಯ ಡಿವೈನ್ ಕಾಮಿಡಿ ಕಾವ್ಯಕ್ಕೆ ಡಾಲಿ ಬರೆದ ಜಲವರ್ಣಗಳಿಂದ ಮಾಡಿದ ಮರದಚ್ಚಿನ ಪ್ರಿಂಟು. ಒಟ್ಟು 100 ಚಿತ್ರ, 1960ರ ಆಸುಪಾಸಿನಲ್ಲಿ ಫ್ರಾನ್ಸಿನಲ್ಲಿ ಪುಸ್ತಕದ ಎಲೆಗಳಾಗಿ ಬಂದವು. ಎಲೆ ಸುಮಾರು 33ಕ್ಕೆ 26 ಸೆಂಟಿಮೀಟರ್, ನಮ್ಮ ಎ4ಗಿಂತ ಚೂರು ದೊಡ್ಡದು. ಬಹುಪಾಲು ಎಲೆಗಳಿಗೆ ಕೈಸಹಿ ಇಲ್ಲ. ಎಲೆ ನಿಜವೇ, ಅದರಲ್ಲಿ ಮೋಸವಿಲ್ಲ. ಮೇಲಿನ ಪೆನ್ಸಿಲ್ ಸಹಿ ಯಾರದ್ದು ಅನ್ನುವುದೇ ತಕರಾರು. ಡಾಲಿ ಖಾಲಿ ಹಾಳೆಗಳಿಗೆ ಸಹಿ ಹಾಕಿ ಹಾಕಿ ಕೊಟ್ಟವನು. 1974ರಲ್ಲಿ ಆಂಡೊರಾಗೆ ಹೊರಟಿದ್ದ ಒಂದು ಲಾರಿಯನ್ನು ಫ್ರಾನ್ಸಿನ ಕಸ್ಟಮ್ಸಿನವರು ತಡೆದಾಗ ಅವನ ಸಹಿಯಿರುವ 40,000 ಖಾಲಿ ಹಾಳೆ ಸಿಕ್ಕಿದ್ದವು. ಹಾಗಾಗಿ ಪೇಟೆಯಲ್ಲಿ ಡಾಲಿ ಸಹಿ ಕಂಡರೆ ಬೆಲೆ ಏರುವ ಬದಲು ಜನ ಹುಬ್ಬೇರಿಸುತ್ತಾರೆ. ಸಹಿಯಿಲ್ಲದ ಇದೇ ಎಲೆ ಹೊರದೇಶದ ಹರಾಜುಗಳಲ್ಲಿ ಇನ್ನೂರು ಮುನ್ನೂರು ಡಾಲರಿಗೆ ಹೋಗಿದ್ದನ್ನು ನೋಡಿದೆ. ನಾನು ಸಹಿಗೆಂದು 1,300 ಜಾಸ್ತಿ ಕೊಟ್ಟಿದ್ದೆ.

ದುಡ್ಡು ವಾಪಸ್ ಕೇಳಿದೆ. ಆರೇಳು ಮೇಲ್ ಬರೆದೆ. ಉತ್ತರ ಬಹಳ ಮರ್ಯಾದೆಯಿಂದ ಬರುತ್ತಿತ್ತು, ದುಡ್ಡು ಬರಲಿಲ್ಲ. ಮಾರಾಟ ನಡೆದದ್ದು ಯಾವ ದೇಶದ ನೀರಿನಲ್ಲೂ ಅಲ್ಲ, ತಕರಾರಿದ್ದರೆ ಅವರ ಕಾಗದದಲ್ಲಿ ಬರೆದ ಊರಿಗೇ ಹೋಗಬೇಕು. ಕಾರ್ಡ್ ಬ್ಯಾಂಕಿಗೆ ತಕರಾರು ಹಾಕಲು ಹೋದರೆ ಗಡುವು ಮುಗಿದಿದೆ ಅಂದರು. ಪೆಟ್ಟಿಗೆ ಬರುವುದನ್ನೇ ಕಾಯುತ್ತ ಕೂತಿದ್ದೆನಲ್ಲ, ಅಲ್ಲಿ ಹೋಯಿತು ಗಡುವು. ಬೆಂಗಳೂರಿನ ಒಬ್ಬ ವ್ಯಾಪಾರಿಗೆ ಮೂರನ್ನೂ ತೋರಿಸಿದೆ. ಅವನು ಕ್ಯಾನ್ವಾಸನ್ನು ತಿರುಗಿಸಿ ನೋಡಿ "ಫ್ರೇಮ್ ಚೆನ್ನಾಗಿದೆ" ಅಂದ.

ಸಿಟ್ಟಿನಲ್ಲಿ ಒಂದು ಪ್ರಯೋಗ ಮಾಡಿದೆ. ಇಲ್ಲಿನ ದೃಶ್ಯಕಲಾ ಕಾಲೇಜಿನಲ್ಲಿ ಓದಿ ಈಗ ನನ್ನ ಅಂಗಡಿಗೆ ಕೆಲಸ ಮಾಡಿಕೊಡುವ ಹುಡುಗನೊಬ್ಬ ಇದ್ದಾನೆ. ಅವನು ಬರೆದ ಚಿತ್ರದುರ್ಗದ ಚಂದವಳ್ಳಿ ಕೆರೆಯ ಚಿತ್ರವನ್ನು ಸ್ಕ್ಯಾನ್ ಮಾಡಿ ಕ್ಯಾನ್ವಾಸಿಗೆ ಪ್ರಿಂಟ್ ಹಾಕಿದೆ. ಮೇಲೆ ಅಕ್ರಿಲಿಕ್ ಜೆಲ್ ತೆಗೆದುಕೊಂಡು ನೀರು, ಬಂಡೆ, ಮೋಡ ಇರುವ ಕಡೆ ಮಾತ್ರ ಬ್ರಶ್ ಆಡಿಸಿದೆ. ಹಡಗಿನವರು 'ಕೈಯಿಂದ ಮೆರುಗು ಕೊಟ್ಟದ್ದು' ಅನ್ನುವುದು ಇದಕ್ಕೇ. ಖರ್ಚು 1,400 ರೂಪಾಯಿ, ಅರ್ಧ ಗಂಟೆ ಕೆಲಸ. ಅದನ್ನೂ ಕಡಲತೀರವನ್ನೂ ಅಕ್ಕಪಕ್ಕ ಇಟ್ಟು ಬಂದ ಗಿರಾಕಿಗಳಿಗೆ ಯಾವುದು ಕೈಯಲ್ಲಿ ಬರೆದದ್ದು ಅಂತ ಕೇಳಿದೆ. ಐದು ಜನರಲ್ಲಿ ನಾಲ್ವರು ಚಂದವಳ್ಳಿ ತೋರಿಸಿದರು. ಐದನೆಯವರು ಪಕ್ಕದ ಅಂಗಡಿಯವರು, ನಾನು ಪ್ರಿಂಟ್ ಹಾಕುವುದನ್ನು ನೋಡಿದ್ದರು. ಹುಡುಗನ ಮೂಲ ಚಿತ್ರ ಆಮೇಲೆ 12 ಸಾವಿರಕ್ಕೆ ಹೋಯಿತು, ಅದು ಬೇರೆ ಮಾತು.

ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ತರಿಸಿದ್ದೂ ಆಗಲೇ. 600 ರೂಪಾಯಿ. ಕಾಗದಕ್ಕೆ ಬೆಳ್ಳಗೆ ಹೊಳೆಯುವ ರಾಸಾಯನಿಕ ಹಾಕುವುದು ಬಳಕೆಗೆ ಬಂದದ್ದು 1950ರ ಹೊತ್ತಿಗೆ. ಅದಕ್ಕಿಂತ ಹಳೆಯದು ಅನ್ನುವ ಹಾಳೆ ಟಾರ್ಚಿಗೆ ನೀಲಿಯಾಗಿ ಮಿಂಚಿದರೆ ಮಾತು ಮುಗಿಯಿತು. ಮಿಂಚದಿದ್ದರೆ ಹಳೆಯದೇ ಅಂತಲ್ಲ. ಈ ಟಾರ್ಚು ಹಡಗಿಗಿಂತ ನನ್ನ ಹಳೇ ರವಿವರ್ಮ ಪ್ರಿಂಟುಗಳ ವ್ಯಾಪಾರಕ್ಕೆ ಜಾಸ್ತಿ ಉಪಯೋಗ ಆಯಿತು. ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹಳೇ ಮನೆಗಳಲ್ಲಿ ಪಡಸಾಲೆಯ ಲಕ್ಷ್ಮಿ, ಸರಸ್ವತಿ ಇಳಿಸುತ್ತಾರಲ್ಲ, ಎಲ್ಲರೂ "ಪ್ರೆಸ್ಸಿನದೇ ಸಾರ್" ಅನ್ನುತ್ತಾರೆ. ರವಿವರ್ಮ ಪ್ರೆಸ್ ಮುಂಬೈಯಲ್ಲಿ ಶುರುವಾದದ್ದು 1894ರಲ್ಲಿ, ಆಮೇಲೆ ಲೋನಾವಳ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿಯದು ಕಲ್ಲಚ್ಚು. ಲೂಪಿನಲ್ಲಿ ಚುಕ್ಕಿ ಒಂದು ದಪ್ಪ, ಒಂದು ಸಣ್ಣ, ಸಾಲೇ ಇಲ್ಲ. ಸಾಲು ಕಂಡರೆ ಅದು ಈಚಿನ ಆಫ್‌ಸೆಟ್. ಹತ್ತರಲ್ಲಿ ಏಳು ಹಾಗೇ ಇರುತ್ತವೆ.

ಇನ್ನು ದುಡ್ಡು ವಾಪಸ್ ಬಂದ ದಾರಿ. ನಾನು ಇದನ್ನು ತಿರುವು ಲೆಕ್ಕ ಅನ್ನುತ್ತೇನೆ. ಹರಾಜುಗಾರ ಎಲ್ಲಿಂದ ಶುರು ಮಾಡುತ್ತಾನೆ ಅನ್ನುವುದು ಬೇಡ. ಇದೇ ಚಿತ್ರವನ್ನು ನಾನು ನಾಳೆ ಮಾರಿದರೆ ಕೈಗೆಷ್ಟು ಬರುತ್ತದೆ? ಅದೂ ಯಾರೋ ಹೇಳುತ್ತಿರುವ ಬೆಲೆ ಅಲ್ಲ, ನಿಜಕ್ಕೂ ಮಾರಿಹೋದ ಬೆಲೆ. ಅದರಲ್ಲಿ ಅರ್ಧ ಕಳೆ. ಉಳಿದದ್ದರಲ್ಲಿ ಕಮಿಷನ್, ಸಾಗಣೆ, ಡ್ಯೂಟಿ ಕಳೆ. ಆಮೇಲೆ ಉಳಿಯುವುದು ನನ್ನ ಕೊನೆಯ ಕೂಗು. ಹೆಚ್ಚಿನ ಸಲ ಸೊನ್ನೆಗಿಂತ ಕೆಳಗೆ ಬರುತ್ತದೆ. ಬಂದರೆ ಸುಮ್ನೆ ಕೂರುವುದು.

2023ರಲ್ಲಿ ಮತ್ತೆ ಹಡಗು ಹತ್ತಿದೆ. ಭಾಮೈದ "ಭಾವ, ಈ ಸಲ ಮನೆ ಪತ್ರನೂ ತಗೊಂಡು ಹೋಗ್ರಿ" ಅಂದ. ಹಡಗಿನ ವೈಫೈ ದುಬಾರಿ, ಆದರೂ ಮಾರಿಹೋದ ಬೆಲೆ ಹುಡುಕಲು ದುಡ್ಡು ಕಟ್ಟಿದೆ. ಅದರಷ್ಟು ಉಳಿತಾಯ ಇನ್ಯಾವುದೂ ಮಾಡಲಿಲ್ಲ. ಹರಾಜಿಗೆ ಮುಂಚೆ ಎಲ್ಲವನ್ನೂ ನೋಡಲು ಬಿಡುತ್ತಾರೆ. 60ಕ್ಕೂ ಹೆಚ್ಚು ಲೇಬಲ್ ಫೋಟೊ ತೆಗೆದು, ರೂಮಿನಲ್ಲಿ ಕೂತು ಒಂದೊಂದಕ್ಕೂ ಲೆಕ್ಕ ಹಾಕಿದೆ. ಹೆಂಡತಿ ಈಜುಕೊಳಕ್ಕೆ ಹೋಗಿ ಬಂದಳು, ಊಟಕ್ಕೆ ಹೋಗಿ ಬಂದಳು, ನಾನು ಅಲ್ಲೇ. ಲೆಕ್ಕಕ್ಕೆ ನಿಂತದ್ದು ಎರಡೇ. ಒಂದು ಕೈ ತಪ್ಪಿತು. ಇನ್ನೊಂದು ಕಪ್ಪು ಬಿಳುಪಿನ ಸಣ್ಣ ಎಚಿಂಗ್ (ಲೋಹದ ಪ್ಲೇಟಿನಿಂದ ಒತ್ತಿ ತೆಗೆದ ಪ್ರಿಂಟು), ಮೂಲೆಯಲ್ಲಿ ತೂಗುಹಾಕಿದ್ದರು. ಓರೆಯಾಗಿ ಬೆಳಕು ಬಿದ್ದಾಗ ಪ್ಲೇಟಿನ ಅಂಚು ಕಾಗದದಲ್ಲಿ ಒತ್ತಿಕೊಂಡದ್ದು ಕಂಡಿತು. ಬಣ್ಣವಿಲ್ಲದ್ದಕ್ಕೆ ಹಡಗಿನ ಜನ ತಿರುಗಿಯೂ ನೋಡುವುದಿಲ್ಲ. ಹರಾಜುಗಾರನಿಗೆ ಮೊದಲೇ ಹೇಳಿದೆ: ಗೋಡೆ ಮೇಲಿರುವ ಇದೇ ಹಾಳೆ ಬೇಕು, ಫ್ರೇಮ್ ಬೇಡ, ನನ್ನ ಕೈಲೇ ಒಯ್ಯುತ್ತೇನೆ, ಬಿಲ್ಲಿನಲ್ಲಿ ಹಾಗೇ ಬರೆದುಕೊಡಿ. ಮೊದಲು ಆಗಲ್ಲ ಅಂದ. ಆಮೇಲೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ, ಒಪ್ಪಿದ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಕಲಾವಿದನ ಹೆಸರೂ ಹೇಳುವುದಿಲ್ಲ, ಅವನದ್ದು ಇನ್ನೂ ಎರಡು ಹುಡುಕುತ್ತಿದ್ದೇನೆ.

120 ಡಾಲರಿಗೆ ಬಿತ್ತು. ಕಮಿಷನ್ ಸೇರಿ ಹನ್ನೊಂದೂವರೆ ಸಾವಿರ ರೂಪಾಯಿ. ಬೆಂಗಳೂರಿನ ಒಬ್ಬ ಸಂಗ್ರಾಹಕರು 42 ಸಾವಿರ ಕೊಟ್ಟು ಒಯ್ದರು.

ಆದರೆ ಬಹುಪಾಲು ದುಡ್ಡು ಬಂದದ್ದು ಹಡಗಿನಿಂದ ಅಲ್ಲ, ನನ್ನ ಹಾಗೇ ಹಡಗಿನಲ್ಲಿ ಕೈ ಎತ್ತಿದವರಿಂದ. ಅಮೆರಿಕದಿಂದ ವಾಪಸ್ ಬಂದವರು, ಬೆಂಗಳೂರಿನ ಅಪಾರ್ಟ್‌ಮೆಂಟಿನವರು. ಮನೆ ಬದಲಿಸುವಾಗ ಆ ಭಾರದ ಫ್ರೇಮು ಯಾರಿಗೂ ಬೇಡ. ನಾಲ್ಕು ವರ್ಷದಲ್ಲಿ 19 ಕೊಂಡೆ, ಸರಾಸರಿ ಆರೂವರೆ ಸಾವಿರ. ಅಷ್ಟಕ್ಕೆ ಫ್ರೇಮ್ ಪಟ್ಟಿಯೇ ಬರುತ್ತದೆ, ನಷ್ಟವಿಲ್ಲ. ಮೊದಲ ನಾಲ್ಕರಲ್ಲಿ ಪೆಟ್ಟು ತಿಂದೆ. ಹಿಂದೆ ಬಿಚ್ಚಿ ನೋಡದೆ ಕೊಂಡಿದ್ದೆ. ಎರಡನ್ನು ಬೋರ್ಡಿಗೆ ಬಿಸಿ ಒತ್ತಿ ಅಂಟಿಸಿದ್ದರು, ಇನ್ನು ಬಿಡಿಸಲು ಆಗುವುದಿಲ್ಲ. ಒಂದಕ್ಕೆ ಹಿಂದಿನ ಅಗ್ಗದ ಬೋರ್ಡಿನ ಆಸಿಡ್ ಏರಿ ಅಂಚೆಲ್ಲ ಟೀ ಬಣ್ಣ. ಈಗ ಹಿಂದಿನ ಪಿನ್ ಕೀಳಲು ಬಿಡದಿದ್ದರೆ ನಾನು ಬೆಲೆಯೇ ಹೇಳುವುದಿಲ್ಲ.

19ರಲ್ಲಿ 16 ಮಾರಿದ್ದೇನೆ, ಒಟ್ಟು 4 ಲಕ್ಷ 10 ಸಾವಿರ ಬಂತು. ಅದರಲ್ಲಿ ಒಂದೇ ಸೆರಿಗ್ರಾಫ್ 90 ಸಾವಿರ ತಂದಿತು. ಸಹಿ, ಸಂಖ್ಯೆ, ಮೊದಲ ಬಿಲ್ಲು ಎಲ್ಲ ಸರಿಯಾಗಿತ್ತು, ಮಾರಿದವರಿಗೆ ಅದು ಬೇಡವಾಗಿತ್ತು ಅಷ್ಟೇ. ಉಳಿದವು ಡಾಕ್ಟರ ಕ್ಲಿನಿಕ್ಕು, ಹೊಸ ಮನೆ, ಒಂದು ಹೋಟೆಲ್. ಪ್ರಿಂಟ್ ಅಂತ ಹಿಂದೆ ಕನ್ನಡದಲ್ಲಿ ಬರೆದೇ ಕೊಡುತ್ತೇನೆ. ಹಳೇ ಅಪ್ರೈಸಲ್ ಕಾಗದ ಕೊಡುವುದಿಲ್ಲ, ಕೇಳಿದರೂ ಕೊಡುವುದಿಲ್ಲ.

ನನ್ನ ಡಾಲಿ ಎಲೆಯನ್ನು, ಸಹಿಗೆ ನಾನು ಜವಾಬ್ದಾರನಲ್ಲ ಅಂತ ಬಿಲ್ಲಿನಲ್ಲಿ ಬರೆದು, 19 ಸಾವಿರಕ್ಕೆ ಕೊಟ್ಟೆ. ಸಣ್ಣ ಸೆರಿಗ್ರಾಫ್ ಮಗಳ ಮನೆಯಲ್ಲಿದೆ, ಅದಕ್ಕೆ ಲೆಕ್ಕವಿಲ್ಲ. ಕಡಲತೀರ ಮಾತ್ರ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ನೇತಾಡುತ್ತಿತ್ತು. ಹೋದ ವಾರ ಹರಿಹರದಿಂದ ಬಂದ ಒಬ್ಬರು ಅದನ್ನೇ ನೋಡುತ್ತ ನಿಂತರು. "ಎಷ್ಟು ಇದು?"

"ಪ್ರಿಂಟ್ ಸಾರ್ ಇದು. ಒಂಬತ್ತು ಸಾವಿರ."

"ಎಂಟು ಮಾಡ್ಕೊಳ್ರಿ."

ಎಂಟೂವರೆಗೆ ಮುಗಿಯಿತು. ನನ್ನ ಕೂಲಿ ಹಿಡಿಯದೆ ಲೆಕ್ಕ ಹಾಕಿದರೆ 3 ಲಕ್ಷ 45 ಸಾವಿರಕ್ಕೆ ಇನ್ನೂ ಐನೂರರ ಸುಮಾರು ಬಾಕಿ. ಮೂರು ಚಿತ್ರ ಮಾರುವುದಿದೆ. ಅವರು ಕಡಲತೀರವನ್ನು ಬೈಕ್ ಹಿಂದೆ ಕಟ್ಟಿಸಿಕೊಳ್ಳುವಾಗ ಭಾಮೈದ ಬಂದ. ಹಗ್ಗದ ಇನ್ನೊಂದು ತುದಿ ಅವನೇ ಹಿಡಿದ.