ಪಾಪಾಸುಕಳ್ಳಿಗೆ ಮಳೆಗಾಲದ ಕಾವಲು: ನನ್ನ ಅನುಭವ

ನರ್ಸರಿಗಳಲ್ಲಿ ‘ಬನ್ನಿ ಇಯರ್’ ಅಂತ ಮಾರುವ ಪುಟ್ಟ ಕಳ್ಳಿಯನ್ನು ನೀವು ನೋಡಿರುತ್ತೀರಿ. ಚಪ್ಪಟೆ ಪ್ಯಾಡ್‌ಗಳು ಜೋಡಿಜೋಡಿಯಾಗಿ ಮೇಲೇಳುತ್ತವೆ, ಮೈತುಂಬ ಹಳದಿ ಚುಕ್ಕೆ. ಇದು ನಮ್ಮ ಬೇಲಿಗಳ ಪಾಪಾಸುಕಳ್ಳಿಯ ಬಳಗವೇ. ಹೆಸರು ಒಪನ್ಷಿಯಾ ಮೈಕ್ರೊಡೇಸಿಸ್, ತವರು ಮೆಕ್ಸಿಕೊ. ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಇದನ್ನು ಕುಂಡಗಳಲ್ಲಿ ಬೆಳೆಸುತ್ತಿದ್ದೇನೆ. ಇದರ ದೊಡ್ಡ ನೆಂಟ, ಮುಳ್ಳಿಲ್ಲದ ಒಪನ್ಷಿಯಾ ಫೈಕಸ್ ಇಂಡಿಕಾ, ಹಿರಿಯೂರಿನ ನನ್ನ ತವರುಮನೆಯ ಹಿತ್ತಿಲಲ್ಲಿದೆ. ಅದನ್ನು ನೋಡಿಕೊಳ್ಳುವವನು ತಮ್ಮ.

ಈ ಕಳ್ಳಿಯ ಬಗ್ಗೆ ಹುಡುಕಿದರೆ ಸಿಗುವ ಸಲಹೆಯೆಲ್ಲ ಚಳಿಯದ್ದೇ. ಹಿಮ ಬಿದ್ದರೆ ಸಾಯುತ್ತೆ, ಒಳಗೆ ತನ್ನಿ, ಗಾಜಿನ ಮನೆ ಕಟ್ಟಿ ಅಂತೆಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ನೀರು ಹೆಪ್ಪುಗಟ್ಟುವ ಚಳಿ ಇಲ್ಲಿಗೆ ಬಂದೇ ಇಲ್ಲ. ಹಾಗಾಗಿ ಆ ಅಧ್ಯಾಯವನ್ನು ನಾವು ಸುಮ್ನೆ ಬಿಟ್ಟುಬಿಡಬಹುದು. ನಮ್ಮಲ್ಲಿ ಈ ಗಿಡಕ್ಕೆ ಕಾವಲು ಬೇಕಿರುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿನಲ್ಲಿ ಜೋರು ಮಳೆಯ ತಿಂಗಳು. ದಿನಗಟ್ಟಲೆ ಮೋಡ, ಒಣಗದ ಮಣ್ಣು, ಬಿಸಿಲಿಲ್ಲ. ಮೂರೂ ಒಟ್ಟಿಗೆ ಬಂದರೆ ಬೇರು ಕೊಳೆಯುತ್ತದೆ. ನಾನು ಮಾಡುವ ಕೆಲಸವೆಲ್ಲ ಈ ಐದು ತಿಂಗಳನ್ನು ದಾಟಿಸುವುದಕ್ಕಾಗಿಯೇ.

ಮೊದಲು ಮಣ್ಣು. ಅಂಗಡಿಯಿಂದ ತಂದ ಗಿಡ ಸಾಮಾನ್ಯವಾಗಿ ಕೊಕೊಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಇರುತ್ತದೆ. ಸಾಗಿಸಲು ಹಗುರ, ಅದಕ್ಕೆ ಹಾಗೆ ಇಡುತ್ತಾರೆ. ಆದರೆ ಕೊಕೊಪೀಟ್ ನೀರು ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ. ಪೂರ್ತಿ ಒಣಗಿತೋ, ಆಮೇಲೆ ನೀರು ಹೀರುವುದೇ ಇಲ್ಲ, ಪಕ್ಕದಿಂದ ಹರಿದು ಹೋಗುತ್ತದೆ. ಹಾಗಾಗಿ ಗಿಡ ಮನೆಗೆ ಬಂದು ಕೆಲ ದಿನ ಹೊಂದಿಕೊಂಡ ಮೇಲೆ ಬೇರಿನ ಸುತ್ತ ಇರುವ ಕೊಕೊಪೀಟನ್ನು ಒಣಗಿಸಿ ಉದುರಿಸಿಬಿಡುತ್ತೇನೆ.

ನನ್ನ ಮಿಶ್ರಣ ಬಹಳ ಸರಳ. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆ ಚೂರು ಅಥವಾ ಸಣ್ಣ ಜಲ್ಲಿ ಒಂದು ಪಾಲು. ಮೇಲೆ ಒಂದೆರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ, ಅಷ್ಟೇ. ಈಗ ನದಿ ಮರಳು ಸಿಗುವುದು ಕಷ್ಟ, ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡೇ ಗತಿ. ಅದನ್ನು ಹಾಗೇ ಹಾಕಬೇಡಿ. ಎಂ-ಸ್ಯಾಂಡ್‌ನಲ್ಲಿ ಕಲ್ಲಿನ ಹುಡಿ ಜಾಸ್ತಿ. ನೀರು ಬಿದ್ದ ಮೇಲೆ ಆ ಹುಡಿ ಕೆಳಗಿಳಿದು ಕುಂಡದ ತಳದಲ್ಲಿ ಗಾರೆಯಂತೆ ಕೂರುತ್ತದೆ. ನಾನು ಹಿಟ್ಟು ಜಾಲಿಸುವ ಜರಡಿಗಿಂತ ಸ್ವಲ್ಪ ದೊಡ್ಡ ಕಣ್ಣಿನ ಜರಡಿಯಲ್ಲಿ ಜಾಲಿಸುತ್ತೇನೆ. ಕೆಳಗೆ ಬಿದ್ದದ್ದು ಬೇಡ, ಮೇಲೆ ಉಳಿದ ಕಾಳು ಬೇಕು. ಎಲ್ಲ ಕಲಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ. ಕೈ ಬಿಟ್ಟಾಗ ಉಂಡೆಯಾಗಿ ನಿಂತರೆ ಇನ್ನಷ್ಟು ಜಲ್ಲಿ ಸೇರಿಸಿ. ಉದುರಿಹೋದರೆ ಸರಿಯಾಗಿದೆ.

ಗೊಬ್ಬರ ಜಾಸ್ತಿ ಹಾಕಿದರೆ ಗಿಡ ದಷ್ಟಪುಷ್ಟವಾಗಿ ಕಾಣುತ್ತದೆ, ನಿಜ. ಆದರೆ ಆ ಪ್ಯಾಡ್‌ಗಳು ಮೆತ್ತಗೆ, ನೀರು ತುಂಬಿಕೊಂಡು ಬೆಳೆಯುತ್ತವೆ. ಮಳೆಗಾಲದಲ್ಲಿ ಮೊದಲು ಕೊಳೆಯುವುದೂ ಅವೇ. ಬಡ ಮಣ್ಣಿನಲ್ಲಿ ನಿಧಾನಕ್ಕೆ ಬೆಳೆದದ್ದೇ ಗಟ್ಟಿ.

ಕುಂಡ ಮಣ್ಣಿನದೇ ಇರಲಿ. ಅದರ ಪಕ್ಕದ ಗೋಡೆಯಿಂದಲೂ ತೇವ ಆರುತ್ತದೆ. ಬೇರು ಆಳಕ್ಕೆ ಇಳಿಯುವಂಥದ್ದಲ್ಲ, ಮೇಲುಮೇಲೆ ಹರಡುತ್ತದೆ. ಹಾಗಾಗಿ ಎತ್ತರದ ಕುಂಡಕ್ಕಿಂತ ಅಗಲದ ಕುಂಡ ಒಳ್ಳೆಯದು. ಕೆಳಗೆ ತಟ್ಟೆ ಬೇಡ. ಕುಂಡವನ್ನು ಎರಡು ಇಟ್ಟಿಗೆ ತುಂಡುಗಳ ಮೇಲೆ ಎತ್ತಿ ಇಟ್ಟರೆ ತೂತು ತಾರಸಿಯ ನೀರಿಗೆ ತಾಗುವುದಿಲ್ಲ.

ಇನ್ನು ಮಳೆ ತಡೆಯುವ ಮಾಡು, ಅಂದರೆ ಸೂರು. ಹಸಿರು ಶೇಡ್ ನೆಟ್ ಕಟ್ಟಿದರೆ ಸಾಕು ಅಂತ ಅನೇಕರು ಅಂದುಕೊಳ್ಳುತ್ತಾರೆ. ಅದು ಬಿಸಿಲನ್ನು ತಡೆಯುತ್ತದೆ, ಮಳೆಯನ್ನಲ್ಲ. ನಮಗೆ ಬೇಕಿರುವುದು ಅದರ ಉಲ್ಟಾ. ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟನ್ನು ಓರೆಯಾಗಿ ಹಾಕಿಸಿದ್ದೇನೆ, ನಾಲ್ಕೂ ಕಡೆ ತೆರೆದಿದೆ. ಬೆಳಕು ಬರುತ್ತದೆ, ಗಾಳಿ ಆಡುತ್ತದೆ, ನೀರು ಬೀಳುವುದಿಲ್ಲ. ಅಷ್ಟು ಖರ್ಚು ಬೇಡ ಅನ್ನುವವರು ಸಜ್ಜಾ ಕೆಳಗೆ ಇಡಬಹುದು. ಆದರೆ ಅಲ್ಲಿ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಸಿಗುತ್ತದೆಯಾ ನೋಡಿಕೊಳ್ಳಿ. ಬೆಳಕು ಸಾಲದಿದ್ದರೆ ಹೊಸ ಪ್ಯಾಡ್‌ಗಳು ದುಂಡಗೆ ಬರುವ ಬದಲು ಸಪೂರವಾಗಿ, ಬೆಳಕಿನ ಕಡೆ ಬಾಗಿಕೊಂಡು ಉದ್ದುದ್ದ ಬೆಳೆಯುತ್ತವೆ. ಒಮ್ಮೆ ಹಾಗೆ ಬೆಳೆದದ್ದು ಮತ್ತೆ ಅಗಲವಾಗುವುದಿಲ್ಲ. ಕತ್ತರಿಸುವುದೊಂದೇ ದಾರಿ.

ನೀರಿನ ಲೆಕ್ಕ ಹೀಗೆ. ಮಾರ್ಚ್‌ನಿಂದ ಮೇವರೆಗೆ ಮಣ್ಣು ತಳದವರೆಗೂ ಒಣಗಿದ ಮೇಲೆ, ತೂತಿನಿಂದ ಹರಿಯುವಷ್ಟು ಹಾಕುತ್ತೇನೆ. ಒಣಗಿದೆಯೋ ಇಲ್ಲವೋ ಅಂತ ಕುಂಡ ಎತ್ತಿದರೆ ತೂಕದಲ್ಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವವೇ ಜಾಸ್ತಿ, ಹಾಗಾಗಿ ಬಹಳ ಅಪರೂಪಕ್ಕೆ ಹಾಕುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆಗ ಪ್ಯಾಡ್‌ಗಳು ಸ್ವಲ್ಪ ಸುಕ್ಕಾಗುತ್ತವೆ. ನೋಡಿದವರಿಗೆ ಪಾಪ ಅನ್ನಿಸುತ್ತದೆ. ನಮ್ಮ ಅತ್ತೆಯವರಂತೂ ಮೊದಮೊದಲು ಚೊಂಬು ಹಿಡಿದುಕೊಂಡೇ ಬರುತ್ತಿದ್ದರು. “ಅಮ್ಮಾ, ಅದು ನಿದ್ದೆ ಮಾಡ್ತಿದೆ, ಬಿಟ್ಟುಬಿಡಿ” ಅಂತ ತಡೆಯುವುದೇ ನನಗೆ ಕೆಲಸ.

ಆ ನಿದ್ದೆಯ ಫಲ ಬೇಸಿಗೆ ಶುರುವಾದಾಗ ಕಾಣುತ್ತದೆ. ಪ್ಯಾಡಿನ ಅಂಚಿನ ಚುಕ್ಕೆಗಳಲ್ಲಿ ಒಂದು ಉಬ್ಬುತ್ತದೆ. ಮೊದಲು ಮೆಣಸಿನ ಕಾಳಿನಷ್ಟು, ತಿಳಿ ಹಸಿರು. ಆಮೇಲೆ ಚಪ್ಪಟೆಯಾಗುತ್ತ ಮೇಲೇಳುತ್ತದೆ. ಹತ್ತಿರದಿಂದ ನೋಡಿ, ಆ ಎಳೆ ಪ್ಯಾಡಿನ ಪ್ರತಿ ಚುಕ್ಕೆಯ ಬುಡದಲ್ಲೂ ಒಂದೊಂದು ಚೂಪಾದ ಪುಟ್ಟ ಮೊನೆ ಇರುತ್ತದೆ. ಅದೇ ಈ ಗಿಡದ ನಿಜವಾದ ಎಲೆ. ಕೆಲವೇ ವಾರಗಳಲ್ಲಿ ಒಣಗಿ ಉದುರಿಹೋಗುತ್ತದೆ. ನಾವು ಎಲೆ ಅಂದುಕೊಳ್ಳುವ ಪ್ಯಾಡ್ ಕಾಂಡ, ಆಹಾರ ತಯಾರಿಸುವುದೂ ಅದೇ. ಈ ಹಂತದಲ್ಲಿ ಕುಂಡವನ್ನು ತಿರುಗಿಸುವುದು ಬೇಡ, ಹೊಸ ಪ್ಯಾಡ್ ಸೊಟ್ಟ ಬೆಳೆಯುತ್ತದೆ.

ಈಗ ಚುಕ್ಕೆಗಳ ವಿಷಯ. ಬನ್ನಿ ಇಯರ್‌ಗೆ ಉದ್ದ ಮುಳ್ಳಿಲ್ಲ. ಮುದ್ದಾಗಿದೆ ಅಂತ ಮಕ್ಕಳು ಸವರಲು ಬರುತ್ತಾರೆ. ಆದರೆ ಆ ಹಳದಿ ಚುಕ್ಕೆ ಒಂದೊಂದೂ ಸುಂಕಿನ, ಅಂದರೆ ಕೂದಲಿನಂಥ ಸಣ್ಣ ಮುಳ್ಳುಗಳ ಕಂತೆ. ಜೋಳದ ಸುಂಕು ಮೈಗೆ ತಾಗಿದ್ದು ಗೊತ್ತಿದ್ದವರಿಗೆ ಇದರ ಅಂದಾಜು ಬರುತ್ತದೆ, ಇದು ಅದಕ್ಕಿಂತ ಹಟಮಾರಿ. ಪ್ರತಿ ಸುಂಕಿಗೂ ಹಿಂದಕ್ಕೆ ಬಾಗಿದ ಕೊಕ್ಕೆಗಳಿವೆ. ಮುಟ್ಟಿದ ಕೂಡಲೇ ಗಿಡದಿಂದ ಕಳಚಿ ಚರ್ಮಕ್ಕೆ ಇಳಿಯುತ್ತದೆ. ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಬಟ್ಟೆಯ ಗ್ಲೌಸ್ ಹಾಕಿಕೊಂಡರೆ ಸುಂಕೆಲ್ಲ ಅದರಲ್ಲೇ ಕೂತು ಮುಂದಿನ ಸಲವೂ ಚುಚ್ಚುತ್ತದೆ. ನಾನು ಅಡುಗೆಮನೆಯ ಹಳೆಯ ಇಕ್ಕಳವನ್ನೇ ಇದಕ್ಕೆ ಮೀಸಲಿಟ್ಟಿದ್ದೇನೆ. ಕುಂಡ ಬದಲಿಸುವಾಗ ದಪ್ಪಗೆ ಮಡಚಿದ ಪೇಪರ್ ಪಟ್ಟಿಯನ್ನು ಗಿಡಕ್ಕೆ ಸುತ್ತಿ ಹಿಡಿದು ಎತ್ತುತ್ತೇನೆ, ಕೆಲಸ ಮುಗಿದ ಮೇಲೆ ಪಟ್ಟಿ ಕಸಕ್ಕೆ.

ಚುಚ್ಚಿಕೊಂಡರೆ ಉಜ್ಜಬೇಡಿ, ಬಾಯಿಂದ ಕಚ್ಚಿ ಎಳೆಯಬೇಡಿ. ಚಿಮುಟದಲ್ಲಿ ಸಿಕ್ಕಷ್ಟು ತೆಗೆಯಿರಿ. ಉಳಿದಲ್ಲಿ ಬಿಳಿ ಫೆವಿಕಾಲ್ ತೆಳ್ಳಗೆ ಹಚ್ಚಿ, ಮೇಲೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಒಂದು ಪದರ ಒತ್ತಿ, ಪೂರ್ತಿ ಒಣಗಿದ ಮೇಲೆ ಎಳೆದರೆ ಬಹಳಷ್ಟು ಬಂದುಬಿಡುತ್ತದೆ. ಕಣ್ಣಿಗೆ ಹೋದರೆ ಮಾತ್ರ ಮನೆಮದ್ದು ಬೇಡ, ಸೀದಾ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಪಕ್ಕದ ಮನೆಯ ಆಂಟಿ “ಮನೇಲಿ ಮುಳ್ಳಿನ ಗಿಡ ಇಡಬಾರದು ಕಣಮ್ಮ, ವಾಸ್ತುಗೆ ಆಗಲ್ಲ” ಅನ್ನುತ್ತಾರೆ. ವಾಸ್ತು ಏನೋ ಗೊತ್ತಿಲ್ಲ, ಆದರೆ ಓಡಾಡುವ ದಾರಿಯಲ್ಲಿ, ಮಕ್ಕಳ ಕೈಗೆ ಎಟುಕುವ ಕಡೆ ಇಡಬಾರದು ಅನ್ನುವುದು ನಾನೂ ಒಪ್ಪುವ ಮಾತು.

ಹೊಸ ಗಿಡ ಮಾಡುವುದು ಇದರಷ್ಟು ಸುಲಭ ಬೇರೆ ಯಾವುದರಲ್ಲೂ ಇಲ್ಲ. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಬಲಿತ ಪ್ಯಾಡನ್ನು ಕೂಡುಗಂಟಿನಲ್ಲೇ ಕತ್ತರಿಸಿ, ಚಾಕುವನ್ನು ಮೊದಲು ಸ್ಪಿರಿಟ್‌ನಿಂದ ಒರೆಸಿ. ಕತ್ತರಿಸಿದ ಪ್ಯಾಡ್ ನೆರಳಲ್ಲಿ ಒಂದೆರಡು ವಾರ ಬಿದ್ದಿರಲಿ. ಗಾಯ ಒಣಗಿ ಗಟ್ಟಿಯಾಗಬೇಕು. ಆಮೇಲೆ ಒಣ ಮಿಶ್ರಣದಲ್ಲಿ ಬುಡ ಮಾತ್ರ ಹೂತು, ಬೀಳದಂತೆ ಎರಡು ಕಲ್ಲು ಆನಿಸಿ. ನೀರು ಈಗಲೇ ಬೇಡ. ಮೆಲ್ಲಗೆ ಅಲ್ಲಾಡಿಸಿದರೆ ಬಿಗಿಯಾಗಿ ನಿಂತಿದೆ ಅನ್ನಿಸಿದಾಗ ಬೇರು ಬಂದಿದೆ ಎಂದರ್ಥ, ಆಗ ಮೊದಲ ನೀರು. ಹಸಿ ಗಾಯವನ್ನೇ ಮಣ್ಣಿಗೆ ಊರಿ ನೀರು ಹೊಯ್ದರೆ ಬೇರಿಗಿಂತ ಮೊದಲು ಕೊಳೆತವೇ ಬರುತ್ತದೆ.

ಹಳೆಯ ಗಿಡದ ಬುಡ ಕಂದಾದರೆ ಗಾಬರಿ ಬೇಡ. ಮುಟ್ಟಿ ನೋಡಿ. ಗಟ್ಟಿಯಾಗಿ, ಮರದ ತೊಗಟೆಯಂತಿದ್ದರೆ ಅದು ವಯಸ್ಸು. ಮೆತ್ತಗೆ, ಒತ್ತಿದರೆ ನೀರು ಜಿನುಗಿದರೆ ಕೊಳೆತ. ಆಗ ಮೇಲಿನ ಆರೋಗ್ಯವಂತ ಪ್ಯಾಡ್‌ಗಳನ್ನು ಉಳಿಸಿಕೊಂಡು ಬುಡದ ಆಸೆ ಬಿಡಬೇಕು. ಕತ್ತರಿಸಿದ ಜಾಗದಲ್ಲಿ ಒಳಗೆ ಕಂದು ಕಲೆ ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಿ, ಶುದ್ಧ ಹಸಿರು ಸಿಗುವವರೆಗೆ.

ಮಳೆ ಬಿಟ್ಟರೆ ಇನ್ನೊಂದು ಶತ್ರು ಕೊಚಿನೀಲ್ ಹುಳು. ಪ್ಯಾಡಿನ ಮೇಲೆ ಹತ್ತಿಯ ಚೂರು ಅಂಟಿದಂತೆ ಕಾಣುತ್ತದೆ. ಬೇರೆ ಬಿಳಿ ಹಿಟ್ಟುತಿಗಣೆಯೂ ಹೀಗೇ ಇರುತ್ತದೆ, ಎರಡನ್ನೂ ಬೇರೆ ಮಾಡಲು ಕಡ್ಡಿಯಿಂದ ಜಜ್ಜಿ ನೋಡಿ. ಕುಂಕುಮ ಕದಡಿದಂಥ ಕಡು ಕೆಂಪು ಬಂದರೆ ಕೊಚಿನೀಲ್. ಈ ಬಣ್ಣಕ್ಕಾಗಿಯೇ 1795ರಲ್ಲಿ ಈ ಹುಳುವನ್ನು ಬ್ರೆಜಿಲ್‌ನಿಂದ ಭಾರತಕ್ಕೆ ತಂದರು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ಕಾಡು ನೆಂಟ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಆದರೆ ಆ ಹುಳು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸುತ್ತ ಹೋಯಿತು. ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದಲ್ಲಿ ಹೊಲಗದ್ದೆಗಳಿಗೆ ಹಬ್ಬಿದಾಗ, 1926ರಲ್ಲಿ ಶ್ರೀಲಂಕಾದಿಂದ ಬೇರೊಂದು ಕೊಚಿನೀಲ್ ತಂದು ಬೇಕೆಂದೇ ಬಿಟ್ಟರು. ಅದೂ ಕೆಲಸ ಮಾಡಿತು. ಕಳ್ಳಿಯ ಕಾಡನ್ನೇ ಕರಗಿಸಿದ ಹುಳಕ್ಕೆ ನಮ್ಮ ಒಂದು ಕುಂಡ ಯಾವ ಲೆಕ್ಕ, ಅಲ್ವಾ?

ಹಾಗಾಗಿ ವಾರಕ್ಕೊಮ್ಮೆ ಪ್ಯಾಡ್‌ಗಳ ಸಂದಿಗಳನ್ನು ನೋಡುತ್ತೇನೆ. ಕಂಡ ತಕ್ಷಣ ಹಳೆಯ ಟೂತ್‌ಬ್ರಶ್‌ಗೆ ಸೋಪಿನ ನೀರು ಮುಟ್ಟಿಸಿ ಉಜ್ಜುತ್ತೇನೆ. ಜಾಸ್ತಿ ಇದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸೋಪು ಸೇರಿಸಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ಬಿಸಿಲಲ್ಲಿ ಎಣ್ಣೆ ಬಿದ್ದರೆ ಪ್ಯಾಡ್ ಸುಡುತ್ತದೆ. ಮೇಲಿನ ಬಿಳಿ ಹೊದಿಕೆ ಔಷಧಿಯನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಮೊದಲು ಉಜ್ಜಿ, ಆಮೇಲೆ ಸಿಂಪಡಿಸಿ.

ಹಿರಿಯೂರಿನ ಕಥೆಯೇ ಬೇರೆ. ಅಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ಫೈಕಸ್ ಇಂಡಿಕಾವನ್ನು ನೆಲಕ್ಕೇ ಹಾಕಿದ್ದೇವೆ. ತಮ್ಮ ಮಾಡಿದ ಜಾಣತನ ಒಂದೇ, ಸಮತಟ್ಟು ನೆಲದಲ್ಲಿ ನೆಡದೆ ಬದು ಹಾಕಿ ಅದರ ಮೇಲೆ ನೆಟ್ಟ. ಬಂದ ಮಳೆ ಎರಡೂ ಕಡೆ ಇಳಿದು ಹೋಗುತ್ತದೆ, ಮಾಡು ಬೇಕಿಲ್ಲ. ಈಗ ಅದು ಅವನ ತಲೆಗಿಂತ ಎತ್ತರ. ಮುಳ್ಳಿಲ್ಲ ಅನ್ನುವುದೇ ಅದಕ್ಕೆ ಶಾಪ. ಎಳೆಯ ಗಿಡವನ್ನು ಆಡು, ಕುರಿ ಬಿಡುವುದಿಲ್ಲ, ಸುತ್ತ ಬೇಲಿ ಕಟ್ಟಲೇಬೇಕು. “ಅಕ್ಕಾ, ಬೇಲಿಗೆ ಹಾಕ್ತಿದ್ದ ಗಿಡಕ್ಕೇ ಬೇಲಿ ಹಾಕೋ ಕಾಲ ಬಂತು ನೋಡು” ಅಂತ ಅವನು ನಗುತ್ತಾನೆ. ಹೆಚ್ಚಾದ ಪ್ಯಾಡನ್ನು ಕತ್ತರಿಸಿ ಕುರಿಗಳಿಗೇ ಹಾಕುತ್ತಾನೆ. ಅದರಲ್ಲಿ ಸುಮಾರು ಶೇಕಡ 90 ನೀರೇ. ಜೊತೆಗೆ ಒಣ ಸೊಪ್ಪೆ ಕೊಡದಿದ್ದರೆ ಬೇಧಿಯಾಗುತ್ತದೆ.

ಷಿಕಾಗೊದಲ್ಲಿರುವ ನನ್ನ ನಾದಿನಿಯೂ ಒಂದು ಬನ್ನಿ ಇಯರ್ ಸಾಕಿದ್ದಾಳೆ. ಚಳಿಯ ಅಧ್ಯಾಯ ಪೂರ್ತಿ ಅವಳಿಗೆ ಬೇಕು. ಅಕ್ಟೋಬರ್‌ನಲ್ಲಿ ಮಂಜು ಗಟ್ಟುವ ಮೊದಲೇ ಕುಂಡ ಒಳಗೆ ಬರಬೇಕು. ದಕ್ಷಿಣದ ಕಿಟಕಿ, ಹೀಟರ್‌ನ ಬಿಸಿಗಾಳಿ ನೇರ ಬೀಳದ ತಂಪು ಕೋಣೆ, ಚಳಿಗಾಲವಿಡೀ ಹೆಚ್ಚುಕಡಿಮೆ ನೀರಿಲ್ಲ. ಒಣ ಮಣ್ಣಿನಲ್ಲಿ ಗಿಡ ತಂಪನ್ನು ತಡೆಯುತ್ತದೆ, ಒದ್ದೆ ಮಣ್ಣಿನಲ್ಲಿ ತಡೆಯುವುದಿಲ್ಲ. ಮೇ ತಿಂಗಳಲ್ಲಿ ಹೊರಗೆ ಇಡುವಾಗ ಮೊದಲ ಕೆಲವು ದಿನ ನೆರಳಲ್ಲಿ, ಆಮೇಲೆ ಬೆಳಗಿನ ಬಿಸಿಲಿಗೆ, ಕೊನೆಗೆ ಪೂರ್ತಿ ಬಿಸಿಲಿಗೆ ಇಡುತ್ತಾಳೆ. ಒಮ್ಮೆಲೇ ಬಿಸಿಲಿಗೆ ತಂದರೆ ಪ್ಯಾಡ್ ಮೇಲೆ ಬಿಳಿಚಿದ ಸುಟ್ಟ ಕಲೆ ಬೀಳುತ್ತದೆ, ಅದು ಮಾಸುವುದಿಲ್ಲ. ನೆರಳಿನ ನರ್ಸರಿಯಿಂದ ಗಿಡ ತಂದು ಏಪ್ರಿಲ್ ಬಿಸಿಲಿಗೆ ಇಡುವ ಬೆಂಗಳೂರಿನವರಿಗೂ ಇದೇ ಕ್ರಮ.